ಮಹಾಸಭೆಗೆ ಬನ್ನಿ, ಲೆಕ್ಕ ಕೇಳಿ

ಸಹಕಾರಿ ಬ್ಯಾಂಕು, ಪತ್ತಿನ ಸಂಘ, ಸೌಹಾರ್ದಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ



ವರ್ಷಕ್ಕೊಮ್ಮೆ, ಮಹಾಸಭೆಗೆ ಮೊದಲು, ಅಂಚೆಯಲ್ಲೋ ಪಿಗ್ಮಿ ಕಟ್ಟಿಸಿಕೊಳ್ಳುವವರ ಕೈಯಲ್ಲೋ ನಿಮ್ಮ ಮನೆಗೆ ಒಂದು ಪುಸ್ತಕ ಬರುತ್ತದೆ. ಹೊದಿಕೆಯ ಮೇಲೆ ದೇವರದೋ ಸಂಸ್ಥಾಪಕರದೋ ಚಿತ್ರ. ಒಳಗೆ ಅಧ್ಯಕ್ಷರ ನುಡಿ, ನಿರ್ದೇಶಕರ ಸಾಲು ಸಾಲು ಫೋಟೊ, ಅದಾದ ಮೇಲೆ ಅಂಕಿಗಳೇ ತುಂಬಿದ ಪುಟಗಳು. ಡಿವಿಡೆಂಡ್ ಎಷ್ಟು ಎಂಬ ಒಂದು ಸಾಲನ್ನು ಹುಡುಕಿ ಓದಿ, ಉಳಿದದ್ದನ್ನು ಹಳೆಯ ಪೇಪರುಗಳ ಜೊತೆ ಇಟ್ಟುಬಿಡುತ್ತೇವೆ. ಸೆಪ್ಟೆಂಬರಿನಲ್ಲಿ ಸಭೆ. ಪ್ರಾರ್ಥನೆ, ದೀಪ ಬೆಳಗುವುದು, ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಬಹುಮಾನ, ಹಿರಿಯ ಸದಸ್ಯರಿಗೆ ಶಾಲು ಹಾರ. ಲೆಕ್ಕಪತ್ರದ ವಿಷಯ ಬರುವ ಹೊತ್ತಿಗೆ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂದಿರುತ್ತದೆ. ‘ಎಲ್ಲರಿಗೂ ಒಪ್ಪಿಗೆಯಷ್ಟೇ?’ ಎಂದು ವೇದಿಕೆಯಿಂದ ಕೇಳುತ್ತಾರೆ. ‘ಒಪ್ಪಿಗೆ, ಒಪ್ಪಿಗೆ’ ಎಂದು ನಾವು ಕೈ ಎತ್ತುತ್ತೇವೆ. ಕೋಟಿಗಟ್ಟಲೆ ರೂಪಾಯಿಯ ಲೆಕ್ಕ ಎರಡು ನಿಮಿಷದಲ್ಲಿ ಮಂಜೂರಾಗಿ ಹೋಗುತ್ತದೆ.

ಈ ಎರಡು ನಿಮಿಷದ ಬಗ್ಗೆಯೇ ನಿಮಗೆ ಬರೆಯಬೇಕೆನಿಸಿತು. ನಾನೂ ನಿಮ್ಮ ಹಾಗೆ ಒಂದು ಸಂಘದ ಸಾಮಾನ್ಯ ಸದಸ್ಯ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಠೇವಣಿದಾರರ ಹಣ ನುಂಗಿದವರ ಅಪರಾಧ ನುಂಗಿದವರದೇ. ಮೋಸ ಹೋದವರನ್ನು ‘ನೀವು ನೋಡಿಕೊಳ್ಳಬೇಕಿತ್ತು’ ಎಂದು ಜರಿಯುವುದು ಅನ್ಯಾಯ, ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಪೊಲೀಸರು ಬರುವುದು ಹಣ ಹೋದ ಮೇಲೆ. ರಿಸರ್ವ್ ಬ್ಯಾಂಕಿನ ನಿರ್ಬಂಧ ಬೀಳುವುದು ಗಾಯ ಕೀವಾದ ಮೇಲೆ. ನ್ಯಾಯಾಲಯದ ತೀರ್ಪು ಬರುವ ಹೊತ್ತಿಗೆ ಎಷ್ಟೋ ಠೇವಣಿದಾರರೇ ಇರುವುದಿಲ್ಲ. ಮೊದಲ ಸುಳ್ಳು ಸಾಲ ಮಂಜೂರಾದ ವರ್ಷವೇ ಆ ಲೆಕ್ಕದ ಎದುರು ಕೂರುವವರು ಒಬ್ಬರೇ, ಸದಸ್ಯರು. ಅದಕ್ಕೇ ಈ ಪತ್ರ ಮಂತ್ರಿಗಳಿಗಲ್ಲ, ಅಧಿಕಾರಿಗಳಿಗಲ್ಲ, ನಿಮಗೆ.

2020ರ ಜನವರಿಯನ್ನು ಬೆಂಗಳೂರಿನ ಬಸವನಗುಡಿಯ ಜನ ಮರೆಯುವುದಿಲ್ಲ. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಒಬ್ಬ ಠೇವಣಿದಾರ ತೆಗೆಯಬಹುದಾದದ್ದು 35,000 ರೂಪಾಯಿ, ಅಷ್ಟೇ. ಬ್ಯಾಂಕಿನ ಮುಂದೆ ನೆರೆದವರಲ್ಲಿ ಬಹಳಷ್ಟು ಮಂದಿ ನಿವೃತ್ತರು. ಪಿಂಚಣಿ, ಗ್ರಾಚ್ಯುಟಿ, ಮನೆ ಮಾರಿದ ಹಣ, ಮಗಳ ಮದುವೆಗೆಂದು ಕೂಡಿಟ್ಟದ್ದು ಎಲ್ಲವೂ ಅಲ್ಲೇ ಇತ್ತು. ಬೇರೆ ಕಡೆಗಿಂತ ಬಡ್ಡಿ ಹೆಚ್ಚು ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ‘ನಮ್ಮವರ ಬ್ಯಾಂಕು’ ಎಂಬ ಭಾವನೆ. ಹೆಸರಿನಲ್ಲೇ ರಾಯರಿದ್ದರು. ಆ ನಿರ್ಬಂಧ ಮತ್ತೆ ಮತ್ತೆ ಮುಂದುವರಿಯುತ್ತ ಹೋಯಿತು. ಔಷಧಿಗೆ ದುಡ್ಡಿಲ್ಲದ, ಮಕ್ಕಳೆದುರು ಕೈಚಾಚಬೇಕಾದ ಹಿರಿಯರ ಮಾತುಗಳನ್ನು ಆಗ ಟಿವಿಯಲ್ಲಿ ಇಡೀ ರಾಜ್ಯ ಕೇಳಿತು.

ಇದು ಒಂದೇ ಊರಿನ ಕಥೆಯಲ್ಲ. 2021ರಲ್ಲಿ ಠೇವಣಿ ವಿಮೆ ಕಾಯ್ದೆಗೆ ತಿದ್ದುಪಡಿ ಬಂತು. ನಿರ್ಬಂಧಕ್ಕೆ ಒಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನದೊಳಗೆ ವಿಮೆಯ ಹಣ ಕೊಡಬೇಕೆಂದಾಯಿತು. ಆಗ ದೇಶದಾದ್ಯಂತ 21 ಬ್ಯಾಂಕುಗಳ ಪಟ್ಟಿ ಹೊರಬಿತ್ತು. ಅದರಲ್ಲಿ ಕರ್ನಾಟಕದ ಐದು ಊರುಗಳ ಬ್ಯಾಂಕುಗಳಿದ್ದವು: ಬೆಂಗಳೂರು, ದಾವಣಗೆರೆ, ಬೀದರ್, ಮುಧೋಳ, ವಿಜಯಪುರ. ಅವೆಲ್ಲದರಲ್ಲೂ ಕಳ್ಳತನವೇ ನಡೆದಿತ್ತೆಂದು ನಾನು ಹೇಳುತ್ತಿಲ್ಲ. ಬ್ಯಾಂಕು ಬೀಳುವುದಕ್ಕೆ ದುರಾಸೆಯಷ್ಟೇ ಅಸಡ್ಡೆಯೂ ಕಾರಣವಾಗುತ್ತದೆ. ಆದರೆ ಐದೂ ಊರುಗಳಲ್ಲಿ ವರ್ಷ ವರ್ಷವೂ ಮಹಾಸಭೆ ನಡೆದಿರಬೇಕು, ವರದಿ ಪುಸ್ತಕ ಹಂಚಿರಬೇಕು, ‘ಒಪ್ಪಿಗೆ’ ಎಂದು ಜನ ಕೈ ಎತ್ತಿರಬೇಕು.

ಲೆಕ್ಕದ ಪುಸ್ತಕ ಸುಳ್ಳು ಹೇಳಬಲ್ಲದು ಎಂಬುದಕ್ಕೆ ಮುಂಬೈಯ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿಗಿಂತ ದೊಡ್ಡ ಪಾಠ ಇಲ್ಲ. ಕರ್ನಾಟಕದಲ್ಲೂ ಅದರ ಶಾಖೆಗಳಿದ್ದವು. 2019ರ ಮಾರ್ಚ್ ಕೊನೆಯ ಲೆಕ್ಕದಲ್ಲಿ ಆ ಬ್ಯಾಂಕು ತೋರಿಸಿದ ಲಾಭ ಹತ್ತಿರ ಹತ್ತಿರ 100 ಕೋಟಿ. ವಸೂಲಾಗದ ಸಾಲ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆರು ತಿಂಗಳೊಳಗೆ, ಸೆಪ್ಟೆಂಬರ್ 23ರಂದು, ರಿಸರ್ವ್ ಬ್ಯಾಂಕಿನ ಆದೇಶ ಬಂತು: ಠೇವಣಿದಾರರು ತೆಗೆಯಬಹುದಾದದ್ದು 1,000 ರೂಪಾಯಿ. ಆಮೇಲೆ ಬಯಲಾದದ್ದು ಏನು? ಒಂದೇ ಬಿಲ್ಡರ್ ಗುಂಪಿಗೆ ಕೊಟ್ಟ ಸಾಲ 6,500 ಕೋಟಿ ಮೀರಿತ್ತು, ಅಂದರೆ ಬ್ಯಾಂಕಿನ ಒಟ್ಟು ಸಾಲದಲ್ಲಿ ನೂರಕ್ಕೆ 70ಕ್ಕೂ ಹೆಚ್ಚು. ಅದನ್ನು ಮರೆಮಾಚಲು 44 ಸಾಲದ ಖಾತೆಗಳ ಜಾಗದಲ್ಲಿ 21,049 ಸುಳ್ಳು ಖಾತೆಗಳನ್ನು ಸೃಷ್ಟಿಸಿ ತೋರಿಸಲಾಗಿತ್ತು. ತಪಾಸಣೆಗೆ ಬಂದವರ ಕಣ್ಣಿಗೆ ಅದು ಸಾವಿರಾರು ಸಣ್ಣ ಸಾಲಗಾರರಿರುವ ಗಟ್ಟಿಮುಟ್ಟಾದ ಬ್ಯಾಂಕಿನಂತೆ ಕಂಡಿತು. 2022ರ ಜನವರಿಯಲ್ಲಿ ಆ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ದೊಡ್ಡ ಮೊತ್ತದ ಠೇವಣಿದಾರರಿಗೆ ಹಣ ಕಂತುಕಂತಾಗಿ, ಹತ್ತು ವರ್ಷದವರೆಗೆ ಎಂದು ತೀರ್ಮಾನವಾಯಿತು. ಎಪ್ಪತ್ತು ವಯಸ್ಸಿನವರಿಗೆ ಹತ್ತು ವರ್ಷ ಎಂದರೆ ಏನು ಎಂದು ಯೋಚಿಸಿ.

ಮೋಸ ಯಾವಾಗಲೂ ಇಷ್ಟು ದೊಡ್ಡದಾಗಿರುವುದಿಲ್ಲ. ನಮ್ಮ ತಾಲೂಕು ಊರುಗಳ ಸಂಘಗಳಲ್ಲಿ ಅದು ಸಣ್ಣದಾಗಿಯೇ ಶುರುವಾಗುತ್ತದೆ, ಬಹಳ ಸಲ ‘ಹೊಂದಾಣಿಕೆ’ ಎಂಬ ಹೆಸರಿನಲ್ಲಿ. ನಿರ್ದೇಶಕರಿಗೆ ಬೇಕಾದ ಒಬ್ಬರು ಸಾಲ ತೆಗೆದಿರುತ್ತಾರೆ, ಕಂತು ಕಟ್ಟಿಲ್ಲ. 90 ದಿನ ಕಳೆದರೆ ಬ್ಯಾಂಕಿನ ಲೆಕ್ಕದಲ್ಲಿ ಅದನ್ನು ಅನುತ್ಪಾದಕ ಎಂದು ತೋರಿಸಬೇಕು. ತೋರಿಸಿದರೆ ಲಾಭ ಇಳಿಯುತ್ತದೆ, ಆಡಿಟ್ ವರ್ಗ ಇಳಿಯುತ್ತದೆ. ಆದ್ದರಿಂದ ಮಾರ್ಚ್ ಕೊನೆಯ ವಾರದಲ್ಲಿ ಅವರ ಬಾಮೈದನ ಹೆಸರಿನಲ್ಲೋ ಕಾರು ಓಡಿಸುವ ಹುಡುಗನ ಹೆಸರಿನಲ್ಲೋ ಒಂದು ಹೊಸ ಸಾಲ ಮಂಜೂರಾಗುತ್ತದೆ. ಆ ಹಣ ಅದೇ ದಿನ ಹಳೆಯ ಸಾಲಕ್ಕೆ ಜಮೆ. ಕಾಗದದ ಮೇಲೆ ಹಳೆಯ ಸಾಲ ತೀರಿತು, ಸುಸ್ತಿದಾರ ಒಳ್ಳೆಯ ಗ್ರಾಹಕನಾದ. ಮುಂದಿನ ಮಾರ್ಚಿಗೆ ಇನ್ನೂ ದೊಡ್ಡ ಸಾಲ ಬೇಕು, ಯಾಕೆಂದರೆ ಈಗ ಬಡ್ಡಿಯೂ ಸೇರಿದೆ. ಹೀಗೆ ಐದಾರು ವರ್ಷ ನಡೆದರೆ ಲಕ್ಷಗಳಲ್ಲಿದ್ದದ್ದು ಕೋಟಿಯತ್ತ ಸಾಗುತ್ತದೆ. ತನ್ನ ಹೆಸರಿನಲ್ಲಿ ಸಾಲವಿದೆ ಎಂಬುದು ಆ ಹುಡುಗನಿಗೆ ತಿಳಿಯುವುದು ನೋಟಿಸು ಮನೆಗೆ ಬಂದಾಗಲೇ.

ಇನ್ನೊಂದು ದಾರಿ ಅಡಮಾನದ ಬೆಲೆ ಏರಿಸುವುದು. ಹತ್ತು ಲಕ್ಷ ಬಾಳುವ ಸೈಟಿಗೆ ಮೌಲ್ಯಮಾಪಕರು ಐವತ್ತು ಲಕ್ಷ ಎಂದು ಬರೆದುಕೊಡುತ್ತಾರೆ, ಅದರ ಮೇಲೆ ಮೂವತ್ತು ಲಕ್ಷ ಸಾಲ. ಒಂದೇ ಆಸ್ತಿಯ ಕಾಗದ ಎರಡು ಕಡೆ ಅಡವಿಗೆ ಬೀಳುವುದೂ ಇದೆ, ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡುವ ಗೋಜಿಗೆ ಯಾರೂ ಹೋಗಿರುವುದಿಲ್ಲ, ಅಥವಾ ಹೋಗಬೇಡಿ ಎಂದು ಯಾರೋ ಹೇಳಿರುತ್ತಾರೆ. ಚಿನ್ನದ ಸಾಲದಲ್ಲಿ ಒರೆಹಚ್ಚಿ ನೋಡುವವನೇ ಶಾಮೀಲಾದರೆ ತಿಜೋರಿಯಲ್ಲಿ ಸೀಲು ಹಾಕಿದ ಚೀಲಗಳೊಳಗೆ ಹಿತ್ತಾಳೆ ಇರುತ್ತದೆ.

ಇವೆಲ್ಲದರ ಮೇಲೆ ಹೊದಿಸುವ ಹೊದಿಕೆ ಎಂದರೆ ‘ಬರಬೇಕಾದ ಬಡ್ಡಿ’. ವಸೂಲಾಗದ ಸಾಲದ ಮೇಲಿನ ಬಡ್ಡಿಯನ್ನೂ ಆದಾಯವೆಂದು ಬರೆದುಕೊಳ್ಳುವುದು. ಕೈಗೆ ಒಂದು ಪೈಸೆ ಬಂದಿರುವುದಿಲ್ಲ, ಪುಸ್ತಕದಲ್ಲಿ ಲಾಭ ಕಾಣುತ್ತದೆ. ಆ ಲಾಭದಿಂದ ನಮಗೆ ಡಿವಿಡೆಂಡ್ ಕೊಡುತ್ತಾರೆ. ಆ ಡಿವಿಡೆಂಡ್ ಎಲ್ಲಿಂದ ಬಂತು? ಹೊಸದಾಗಿ ಬಂದ ಠೇವಣಿಯಿಂದ. ಅಂದರೆ ಪಕ್ಕದ ಬೀದಿಯ ವಿಧವೆ ಇಟ್ಟ ಹಣದಲ್ಲಿ ನಮಗೆ ಸಿಹಿ ಹಂಚಿ, ನಮ್ಮ ಒಪ್ಪಿಗೆ ತೆಗೆದುಕೊಂಡಿರುತ್ತಾರೆ. ನನಗೆ ಅತಿ ಹೆಚ್ಚು ಸಿಟ್ಟು ಬರಿಸುವುದು ಇದೇ. ಕಳ್ಳತನಕ್ಕೆ ಊರನ್ನೇ ಪಾಲುದಾರರನ್ನಾಗಿ ಮಾಡುವ ಕ್ರಮ ಇದು.

ಸಹಕಾರ ಎಂಬ ಮಾತಿಗೆ ಒಂದು ಕಾಲದಲ್ಲಿ ಇದ್ದ ಅರ್ಥ ನೆನಪಿಗೆ ಬಂದರೆ ಸಂಕಟ ಇನ್ನೂ ಹೆಚ್ಚುತ್ತದೆ. ದೇಶದ ಮೊದಲ ಕೃಷಿ ಸಹಕಾರಿ ಸಂಘವೆಂದು ಹೆಸರಾದದ್ದು ನಮ್ಮ ಗದಗದ ಪಕ್ಕದ ಕಣಗಿನಹಾಳದ ಸಂಘ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಹುಕಾರರ ಬಡ್ಡಿಯ ಹಿಡಿತದಿಂದ ರೈತರನ್ನು ಬಿಡಿಸಲು ಬಂದ 1904ರ ಕಾಯ್ದೆಯ ಮೊದಮೊದಲ ಫಲಗಳಲ್ಲಿ ಒಂದು ಅದು. ಆ ಕಾಯ್ದೆಯಲ್ಲಿ ನಾವು ಇವತ್ತು ಮರೆತಿರುವ ಒಂದು ಏರ್ಪಾಡು ಇತ್ತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘದ ಸಾಲ ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಹೊಲ ಮನೆ ಅದಕ್ಕೆ ಉತ್ತರ ಹೇಳಬೇಕಿತ್ತು. ಆದ್ದರಿಂದ ಎತ್ತು ಕೊಳ್ಳುತ್ತೇನೆಂದು ಸಾಲ ತೆಗೆದವನು ಎತ್ತು ಕೊಂಡನೋ ಇಲ್ಲವೋ ಎಂದು ಇಡೀ ಊರು ನೋಡುತ್ತಿತ್ತು. ಓದು ಬರಹ ಬಾರದವರೂ ಲೆಕ್ಕ ಕೇಳುತ್ತಿದ್ದರು, ಕೇಳದಿದ್ದರೆ ಹೋಗುವುದು ತಮ್ಮ ಹೊಲ ಎಂದು ಗೊತ್ತಿತ್ತು.

ಮುಂದೆ ಸಂಘಗಳು ಬೆಳೆದವು, ಹೊಣೆಗೆ ಮಿತಿ ಬಂತು. ಅದು ತಪ್ಪಲ್ಲ, ಬಡ ಸದಸ್ಯನಿಗೆ ರಕ್ಷಣೆ ಬೇಕು. ಈಗ ಸಂಘ ಮುಳುಗಿದರೆ ಕಾನೂನಿನ ಪ್ರಕಾರ ನಾವು ಕಳೆದುಕೊಳ್ಳುವುದು ನಮ್ಮ ಷೇರಿನ ಮೊತ್ತ ಮಾತ್ರ, ಐನೂರೋ ಸಾವಿರವೋ. ‘ನನ್ನದು ಐನೂರು ರೂಪಾಯಿ, ನನಗೇಕೆ ಅದರ ಗೋಜು’ ಎಂಬ ಭಾವನೆ ಹುಟ್ಟಿದ್ದು ಇಲ್ಲಿಂದ ಎಂದು ನನಗೆ ಅನಿಸುತ್ತದೆ. ಅದೇ ಸಂಘದಲ್ಲಿ ನಿಮ್ಮ ಐದು ಲಕ್ಷವೋ ಹದಿನೈದು ಲಕ್ಷವೋ ಠೇವಣಿ ಇದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ, ಕಣಗಿನಹಾಳದ ರೈತನಿಗಿಂತ ನಿಮ್ಮ ಹೊಣೆ ಕಡಿಮೆಯೇನಲ್ಲ. ಅವನು ಕಣ್ಣು ತೆರೆದಿದ್ದ. ನಾವು ಮುಚ್ಚಿಕೊಂಡೆವು.

ಸಹಕಾರದ ಮೇಲೆ ನನಗೆ ಜಿಗುಪ್ಸೆಯಿಲ್ಲ. ಹಾಲು ಹಾಕುವ ಹೆಣ್ಣುಮಕ್ಕಳ ಕೈಗೆ ದುಡ್ಡು ಬಂದದ್ದು ಸಹಕಾರಿ ಡೇರಿಯಿಂದ. ಅಡಿಕೆಯ ಬೆಲೆ ಬಿದ್ದಾಗ ಕರಾವಳಿ, ಮಲೆನಾಡಿನ ಬೆಳೆಗಾರರ ಬೆನ್ನಿಗೆ ನಿಂತದ್ದು 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ. ದಕ್ಷಿಣ ಕನ್ನಡದ ಜನ ಮೊಳಹಳ್ಳಿ ಶಿವರಾಯರನ್ನು ಸಹಕಾರಿ ಪಿತಾಮಹ ಎಂದು ಇಂದಿಗೂ ಕರೆಯುತ್ತಾರೆ. ದೊಡ್ಡ ಬ್ಯಾಂಕುಗಳು ಹೊಸ್ತಿಲು ದಾಟಲೂ ಬಿಡದ ತರಕಾರಿ ಮಾರುವವರಿಗೆ, ಟೈಲರುಗಳಿಗೆ, ಆಟೊ ಓಡಿಸುವವರಿಗೆ ಸಾಲ ಕೊಟ್ಟದ್ದು ಊರಿನ ಪತ್ತಿನ ಸಂಘಗಳೇ. ಪ್ರಾಮಾಣಿಕವಾಗಿ ನಡೆಯುವ ಸಂಘಗಳೇ ಹೆಚ್ಚು. ಕೆಲವೇ ಸಂಘಗಳ ಕಳ್ಳತನ ಉಳಿದೆಲ್ಲದರ ಹೆಸರನ್ನು ಕೆಡಿಸುತ್ತದೆ ಎಂಬುದೇ ನನ್ನ ಆತಂಕ.

ಇನ್ನು ನಂಬಿಕೆಯ ಮಾತು. ಮೋಸಗಾರರು ನಮ್ಮ ದುರಾಸೆಯನ್ನು ಹಿಡಿದು ಬರುತ್ತಾರೆಂದು ಹೇಳುವುದುಂಟು. ನಾನು ಕಂಡಂತೆ ಅವರು ಹಿಡಿಯುವುದು ನಮ್ಮ ವಿಶ್ವಾಸವನ್ನು. ಒಂದು ಕಡೆ ಜಾತಿಯ ವಿಶ್ವಾಸ, ಇನ್ನೊಂದು ಕಡೆ ಮತದ್ದು, ಮತ್ತೊಂದು ಕಡೆ ಪಕ್ಷದ್ದು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕಂಪನಿಯ ಮಾಲೀಕ ದೇಶ ಬಿಟ್ಟು ಓಡಿದಾಗ ಶಿವಾಜಿನಗರದ ಬೀದಿಯಲ್ಲಿ ಅತ್ತವರು ಬಹುಪಾಲು ಮುಸ್ಲಿಂ ಕುಟುಂಬಗಳ ಹೆಂಗಸರು, ವೃದ್ಧರು. ಬಡ್ಡಿ ತಿನ್ನಬಾರದು ಎಂಬ ಅವರ ಧರ್ಮನಿಷ್ಠೆಯನ್ನೇ ಬಂಡವಾಳ ಮಾಡಿಕೊಂಡು, ಲಾಭದಲ್ಲಿ ಪಾಲು ಎಂದು ಹಣ ಕಟ್ಟಿಸಿಕೊಳ್ಳಲಾಗಿತ್ತು. ಕಾಗದದಲ್ಲಿ ಅವರನ್ನು ಠೇವಣಿದಾರರೆಂದು ಬರೆಯದೆ ಪಾಲುದಾರರೆಂದು ಬರೆದುಕೊಂಡಿದ್ದರು. ಕೇರಳದ ತ್ರಿಶೂರ್ ಜಿಲ್ಲೆಯ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣ 2021ರಲ್ಲಿ ಬೆಳಕಿಗೆ ಬಂದಾಗ ಕುಸಿದದ್ದು ಪಕ್ಷದ ಮೇಲಿನ ವಿಶ್ವಾಸ. ಬಸವನಗುಡಿ, ಶಿವಾಜಿನಗರ, ತ್ರಿಶೂರು: ಜನ ಬೇರೆ, ದೇವರು ಬೇರೆ, ಬಾವುಟ ಬೇರೆ. ‘ನಮ್ಮವರು ನಮಗೆ ಮೋಸ ಮಾಡುತ್ತಾರೆಯೇ?’ ಎಂಬ ಪ್ರಶ್ನೆ ಮಾತ್ರ ಮೂರೂ ಕಡೆ ಒಂದೇ. ಮಾಡುತ್ತಾರೆ. ಪರಕೀಯನಿಗೆ ನಾವು ಹಣವನ್ನೇ ಕೊಡುವುದಿಲ್ಲವಲ್ಲ.

ನಂಬಿಕೆ ಬೇಡ ಎಂದಲ್ಲ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟುವ ಕೂಲಿಯವರು ಮನೆ ಬಾಗಿಲಿಗೆ ಬಂದವರ ಕೈಗೆ ದುಡ್ಡು ಕೊಟ್ಟದ್ದು ನಂಬಿಕೆಯಿಂದಲೇ. ಆದರೆ ಆ ಎರಡಾಣೆ ಪ್ರತಿ ದಿನ ಪಾಸ್‌ಬುಕ್ಕಿನಲ್ಲಿ ಬರೆಯಲ್ಪಡುತ್ತಿತ್ತು. ಬರೆಯಿಸಿಕೊಂಡರೆ ನಂಬಿಕೆಗೆ ಅವಮಾನವೆಂದು ಯಾರೂ ಅಂದುಕೊಳ್ಳಲಿಲ್ಲ. ಲೆಕ್ಕ ಕೇಳಿದರೆ ಅಧ್ಯಕ್ಷರಿಗೆ ಬೇಸರವಾದೀತು ಎಂಬ ನಮ್ಮ ಸಂಕೋಚ ಎಲ್ಲಿಂದ ಬಂತೋ ನನಗೆ ಅರ್ಥವಾಗುವುದಿಲ್ಲ.

ಈ ಸಂಕೋಚದ ಬೆಲೆಯನ್ನು ನಾನೊಮ್ಮೆ ಕಣ್ಣಾರೆ ಕಂಡಿದ್ದೇನೆ. ಒಂದು ಸಂಘದ ಮಹಾಸಭೆಯಲ್ಲಿ ನಿವೃತ್ತ ಶಾಲಾ ಮೇಷ್ಟರೊಬ್ಬರು ಎದ್ದು, ‘ಬರಬೇಕಾದ ಬಡ್ಡಿ ಹೋದ ವರ್ಷಕ್ಕಿಂತ ದುಪ್ಪಟ್ಟಾಗಿದೆ, ಯಾಕೆ?’ ಎಂದು ಕೇಳಿದರು. ವೇದಿಕೆಯ ಮೇಲಿದ್ದವರು ನಕ್ಕು, ‘ಮೇಷ್ಟರು ಇನ್ನೂ ಪರೀಕ್ಷೆ ಪತ್ರಿಕೆ ತಿದ್ದುತ್ತಿದ್ದಾರೆ’ ಎಂದರು. ಸಭೆ ನಕ್ಕಿತು. ಮೇಷ್ಟರು ಕೂತರು. ಯಾರೊಬ್ಬರೂ ಎದ್ದು ‘ಅವರು ಕೇಳಿದ್ದಕ್ಕೆ ಉತ್ತರ ಕೊಡಿ’ ಎನ್ನಲಿಲ್ಲ. ಆ ಸಂಘ ಆಮೇಲೆ ಠೇವಣಿ ವಾಪಸು ಕೊಡಲಾಗದೆ ಬಾಗಿಲು ಹಾಕಿತು. ಒಂಟಿ ದನಿಯನ್ನು ನಗೆಯಲ್ಲಿ ಮುಳುಗಿಸಬಹುದು. ಹತ್ತು ಜನ ಎದ್ದು ನಿಂತರೆ ನಗಲು ಧೈರ್ಯ ಬೇಕಾಗುತ್ತದೆ.

ಆದ್ದರಿಂದ ಏನು ಕೇಳಬೇಕು ಎಂಬುದನ್ನು ಮನೆಯಲ್ಲೇ ಕೂತು ಸಿದ್ಧ ಮಾಡಿಕೊಳ್ಳಿ. ಅದಕ್ಕೆ ಬಿ.ಕಾಂ. ಓದಿರಬೇಕಿಲ್ಲ. ವರದಿಯಲ್ಲಿ ಅಢಾವೆ ಪತ್ರಿಕೆಯ, ಲಾಭ ನಷ್ಟದ ಪತ್ರಿಕೆಯ ಪುಟಗಳನ್ನು ತೆಗೆಯಿರಿ. ಪ್ರತಿ ಸಾಲಿನ ಎದುರು ಎರಡು ಅಂಕಿ ಇರುತ್ತವೆ, ಹೋದ ವರ್ಷದ್ದು ಮತ್ತು ಈ ವರ್ಷದ್ದು. ಬರಬೇಕಾದ ಬಡ್ಡಿ, ಸುಸ್ತಿ ಬಾಕಿ, ‘ಇತರೆ ಆಸ್ತಿ’, ‘ಇತರೆ ಖರ್ಚು’, ಈ ನಾಲ್ಕು ಸಾಲುಗಳಲ್ಲಿ ಎಲ್ಲಿ ಅಂಕಿ ಜಿಗಿದಿದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಸಭೆಯಲ್ಲಿ ಅದನ್ನೇ ಕೇಳಿ. ಲೆಕ್ಕಪರಿಶೋಧಕರ ವರದಿಯಲ್ಲಿ ಆಕ್ಷೇಪಣೆಗಳಿರುತ್ತವೆ, ‘ನ್ಯೂನತೆಗಳು’ ಎಂಬ ತಲೆಬರಹದಡಿ. ಅವನ್ನು ಸಭೆಯಲ್ಲಿ ಓದಿಸಿ. ಪೂರ್ತಿ. ‘ಓದಿದೆವೆಂದು ಭಾವಿಸೋಣ’ ಎಂದರೆ ಒಪ್ಪಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಒಟ್ಟು ಸಾಲದಲ್ಲಿ ಅತಿ ದೊಡ್ಡ ಇಪ್ಪತ್ತು ಸಾಲಗಾರರ ಪಾಲು ನೂರಕ್ಕೆ ಎಷ್ಟು? ಹೆಸರು ಹೇಳುವುದು ಬೇಡ, ಗ್ರಾಹಕರ ಗೋಪ್ಯತೆ ಅವರಿಗಿರಲಿ. ಅಂಕಿ ಹೇಳಲು ಯಾವ ಗೋಪ್ಯತೆಯೂ ಅಡ್ಡ ಬರುವುದಿಲ್ಲ. ಸಾವಿರಾರು ಜನ ಸದಸ್ಯರಿರುವ ಸಂಘದಲ್ಲಿ ಅರ್ಧ ಸಾಲ ಇಪ್ಪತ್ತು ಜನರ ಕೈಯಲ್ಲಿದೆ ಎಂದಾದರೆ ಅದು ಆ ಇಪ್ಪತ್ತು ಜನರ ಸಂಘ, ನಿಮ್ಮದಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳು ತಮ್ಮ ನಿರ್ದೇಶಕರಿಗೆ, ಅವರ ಬಂಧುಗಳಿಗೆ ಸಾಲ ಕೊಡುವುದನ್ನು ರಿಸರ್ವ್ ಬ್ಯಾಂಕು 2003ರಲ್ಲೇ ನಿಷೇಧಿಸಿದೆ. ‘ಅಂಥ ಸಾಲ ಒಂದೂ ಇಲ್ಲ’ ಎಂದು ಅಧ್ಯಕ್ಷರು ಎದ್ದು ನಿಂತು ಹೇಳಲಿ, ಆ ಮಾತು ನಡಾವಳಿಯಲ್ಲಿ ದಾಖಲಾಗಲಿ. ನೀವು ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ ಎರಡೂ ನಡಾವಳಿ ಪುಸ್ತಕದಲ್ಲಿ ಬಂದಿವೆಯೇ ಎಂದು ಮುಂದಿನ ವಾರ ಹೋಗಿ ನೋಡಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ನಡಾವಳಿ ನ್ಯಾಯಾಲಯದವರೆಗೆ ಹೋಗುತ್ತದೆ.

ಸಂಘದವರು ಮಾಹಿತಿ ಕೊಡದಿದ್ದರೆ ದಾರಿ ಮುಚ್ಚಿತೆಂದುಕೊಳ್ಳಬೇಡಿ. ಸಹಕಾರಿ ಸಂಘಗಳು ನೇರವಾಗಿ ಮಾಹಿತಿ ಹಕ್ಕು ಕಾಯ್ದೆಯಡಿ ಬರುವುದಿಲ್ಲವೆಂದು ಕೇರಳದ ತಲಪ್ಪಾಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದ್ದು ನಿಜ. ಅದೇ ತೀರ್ಪು ಸಹಕಾರ ಸಂಘಗಳ ನಿಬಂಧಕರು ಆ ಕಾಯ್ದೆಯಡಿ ಬರುತ್ತಾರೆ, ಕಾನೂನಿನಂತೆ ಸಂಘದಿಂದ ತಾವು ಪಡೆಯಬಹುದಾದ ಮಾಹಿತಿಯನ್ನು ಅವರು ಕೇಳಿದವರಿಗೆ ಒದಗಿಸಬೇಕು ಎಂದೂ ಹೇಳಿದೆ. ಆಡಿಟ್ ವರದಿಗೆ ಅಲ್ಲಿ ಅರ್ಜಿ ಹಾಕಿ. ಅನುಮಾನ ಬಲವಾಗಿದ್ದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಡಿ ವಿಚಾರಣೆ ನಡೆಸಿ ಎಂದು ನಿಬಂಧಕರಿಗೆ ಬರೆಯಿರಿ. ನಷ್ಟಕ್ಕೆ ಕಾರಣರಾದವರಿಂದಲೇ ಹಣ ವಸೂಲು ಮಾಡಲು 69ನೇ ಕಲಂ ಇದೆ. ಸೌಹಾರ್ದಗಳಿಗೆ 1997ರ ಪ್ರತ್ಯೇಕ ಕಾಯ್ದೆಯಿದೆ. ಸರ್ಕಾರದ ಹಸ್ತಕ್ಷೇಪ ಕಡಿಮೆಯಿರಲಿ, ಸದಸ್ಯರೇ ಆಳಿಕೊಳ್ಳಲಿ ಎಂಬುದೇ ಅದರ ಆಶಯ. ಸದಸ್ಯರು ಸುಮ್ಮನಿದ್ದರೆ ಅಲ್ಲಿ ಸರ್ಕಾರವೂ ಇಲ್ಲ, ಸದಸ್ಯರೂ ಇಲ್ಲ ಎಂದಾಗುತ್ತದೆ. ಹೀಗಾಗಿ ಸೌಹಾರ್ದದ ಸದಸ್ಯರಿಗೆ ಈ ಮಾತನ್ನು ಇನ್ನಷ್ಟು ಒತ್ತಿ ಹೇಳುತ್ತಿದ್ದೇನೆ.

ವಿಮೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಊರೂರಲ್ಲಿ ಹರಡಿದೆ. ‘ಐದು ಲಕ್ಷದವರೆಗೆ ಸರ್ಕಾರ ಕೊಡುತ್ತದಂತಲ್ಲ’ ಎಂದು ಎಲ್ಲರೂ ಧೈರ್ಯವಾಗಿದ್ದಾರೆ. 1993ರಿಂದ ಒಂದು ಲಕ್ಷದಲ್ಲೇ ನಿಂತಿದ್ದ ಆ ಮಿತಿ ಐದು ಲಕ್ಷಕ್ಕೆ ಏರಿದ್ದು 2020ರ ಫೆಬ್ರುವರಿಯಲ್ಲಿ. ಆದರೆ ಆ ವಿಮೆ ಇರುವುದು ಬ್ಯಾಂಕುಗಳ ಠೇವಣಿಗೆ, ಅಸಲು ಬಡ್ಡಿ ಸೇರಿ, ಎಲ್ಲ ಶಾಖೆಗಳೂ ಕೂಡಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ. ಪತ್ತಿನ ಸಹಕಾರ ಸಂಘದಲ್ಲಿ, ಕ್ರೆಡಿಟ್ ಸೌಹಾರ್ದದಲ್ಲಿ ಇಟ್ಟ ಠೇವಣಿಗೆ ಈ ವಿಮೆ ಇಲ್ಲ. ಒಂದು ರೂಪಾಯಿಗೂ ಇಲ್ಲ. ಇಂಥ ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಎಂದು ಹಾಕಿಕೊಳ್ಳುವುದು, ಸದಸ್ಯರಲ್ಲದವರಿಂದ ಠೇವಣಿ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧವೆಂದು ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಗಾಜಿನ ಬಾಗಿಲು, ಎಸಿ, ಟೋಕನ್ ಯಂತ್ರ, ಸಮವಸ್ತ್ರ ಹಾಕಿದ ಕಾವಲುಗಾರ ಇದ್ದ ಮಾತ್ರಕ್ಕೆ ಅದು ಬ್ಯಾಂಕಾಗುವುದಿಲ್ಲ. ನಿಮ್ಮ ಠೇವಣಿ ಪತ್ರ ಕೈಗೆ ತೆಗೆದುಕೊಂಡು, ಇದು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕಿನದೋ ಸಂಘದ್ದೋ ಎಂದು ಇವತ್ತೇ ನೋಡಿ. ಹಣ ಹೋದ ಮೇಲೆ ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಆಸ್ತಿ ಮುಟ್ಟುಗೋಲು ಹಾಕಬಹುದು, ಹರಾಜು ಮಾಡಬಹುದು. ಆ ದಾರಿ ಎಷ್ಟು ಉದ್ದ ಎಂಬುದನ್ನು ಐಎಂಎಯಲ್ಲಿ ಹಣ ಕಟ್ಟಿದವರನ್ನು ಕೇಳಿ.

ಸಂಘದ ಗುಮಾಸ್ತರು, ಕ್ಯಾಷಿಯರುಗಳು, ಶಾಖಾ ವ್ಯವಸ್ಥಾಪಕರು ನಿಮ್ಮ ಪೈಕಿಯವರೇ ಆಗಿರುತ್ತಾರೆ. ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಸಹಿ ಇಲ್ಲದ ಅರ್ಜಿಗೆ ಸಾಲ ಕೊಡು ಎಂದು ಮೇಲಿನಿಂದ ಫೋನು ಬಂದ ರಾತ್ರಿ ಅವರಿಗೆ ನಿದ್ದೆ ಬಂದಿರುವುದಿಲ್ಲ. ಕೆಲಸ ಹೋದೀತೆಂಬ ಭಯಕ್ಕೆ ಸುಮ್ಮನಾಗುತ್ತಾರೆ. ಬ್ಯಾಂಕು ಮುಳುಗಿದ ದಿನ ಮೊದಲು ಠಾಣೆಗೆ ಹೋಗುವವರೂ ಅವರೇ, ಯಾಕೆಂದರೆ ಸಹಿ ಅವರದ್ದು. ಅಂಥವರು ಸತ್ಯ ಹೇಳಲು ಮುಂದೆ ಬಂದಾಗ ಅವರ ಹಿಂದೆ ಸದಸ್ಯರು ನಿಲ್ಲಬೇಕು. ಇಲ್ಲಿಯವರೆಗೆ ನಾವು ನಿಂತದ್ದು ಕಡಿಮೆ.

ಚುನಾವಣೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಹಕಾರದಲ್ಲಿ ಒಬ್ಬರಿಗೆ ಒಂದೇ ಮತ, ಷೇರು ಒಂದಿರಲಿ ಸಾವಿರವಿರಲಿ. ಇಷ್ಟು ಸಮನಾದ ಅಧಿಕಾರ ಬೇರೆ ಯಾವ ವ್ಯಾಪಾರದಲ್ಲೂ ಸಾಮಾನ್ಯನಿಗೆ ಇಲ್ಲ. ಅದನ್ನು ‘ಅವಿರೋಧ ಆಯ್ಕೆ’ ಎಂಬ ಹೆಮ್ಮೆಗೆ ಬಿಟ್ಟುಕೊಡುತ್ತೇವೆ. ಇಪ್ಪತ್ತು ವರ್ಷ ಒಂದೇ ಮನೆತನ ಅವಿರೋಧವಾಗಿ ಗೆದ್ದರೆ ಅದು ಒಗ್ಗಟ್ಟಿನ ಲಕ್ಷಣವಲ್ಲ. ಪೈಪೋಟಿ ಇದ್ದ ಕಡೆ ಲೆಕ್ಕ ಹೊರಬರುತ್ತದೆ.

ಪ್ರಾಮಾಣಿಕ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಈ ಪತ್ರದಿಂದ ನೋವಾಗಬಾರದು. ಒಳ್ಳೆಯ ಸಂಘ ನಡೆಸುವವರು ಪ್ರಶ್ನೆಗೆ ಹೆದರಿದ್ದನ್ನು ನಾನು ನೋಡಿಲ್ಲ. ಕೇಳುವವರಿಲ್ಲ ಎಂಬುದೇ ಅವರ ಕೊರಗು. ವರ್ಷವೆಲ್ಲ ದುಡಿದು ಸಿದ್ಧ ಮಾಡಿದ ಲೆಕ್ಕವನ್ನು ಸದಸ್ಯರು ತೆರೆದೂ ನೋಡದೆ ಊಟಕ್ಕೆ ಎದ್ದರೆ ಅವರಿಗೂ ಬೇಸರವೇ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಸಲ ವರದಿ ಪುಸ್ತಕ ಬಂದಾಗ ಒಂದು ಸಂಜೆ ಅದಕ್ಕೆ ಕೊಡಿ. ಕಾಲೇಜಿಗೆ ಹೋಗುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಎರಡು ವರ್ಷದ ಅಂಕಿಗಳನ್ನು ಹೋಲಿಸಿ. ನಿಮ್ಮ ಬೀದಿಯ ಇನ್ನೂ ನಾಲ್ವರು ಸದಸ್ಯರನ್ನು ಕರೆದುಕೊಂಡು ಸಭೆಗೆ ಹೋಗಿ, ಹೆಂಗಸರು ಮುಂದಿನ ಸಾಲಿನಲ್ಲೇ ಕೂರಿ. ಲೆಕ್ಕಪತ್ರದ ವಿಷಯವನ್ನು ಸನ್ಮಾನಕ್ಕಿಂತ ಮೊದಲು ತೆಗೆದುಕೊಳ್ಳಿ ಎಂದು ಕೇಳಿ. ಉತ್ತರ ಸಿಗುವವರೆಗೆ ‘ಒಪ್ಪಿಗೆ’ ಎನ್ನಬೇಡಿ. ಯಾರಾದರೂ ಒಬ್ಬರು ಎದ್ದು ಪ್ರಶ್ನೆ ಕೇಳಿದರೆ, ಅವರು ನಿಮ್ಮ ಜಾತಿಯವರಲ್ಲದಿದ್ದರೂ, ನಿಮ್ಮ ಪಕ್ಷದವರಲ್ಲದಿದ್ದರೂ, ನೀವೂ ಎದ್ದು ನಿಲ್ಲಿ.

ಇಂತಿ,
ನಿಮ್ಮಂತೆಯೇ ಒಬ್ಬ ಸದಸ್ಯ